ಸಂಧಿಯ ಬೆಲೆ

ಕನ್ನಡ ವ್ಯಾಕರಣವನ್ನು ಓದಿದವರೆಲ್ಲರಿಗೂ ಸಂಧಿ ಪ್ರಕರಣದ ನೆನಪು ಇದ್ದೇ ಇರುತ್ತದೆ. ಎರಡು ಪದಗಳು ಎದುರುಬದುರಾಗಿ ಬಂದು ನಿಂತಾಗ ಅವು ಮೂರು ಬಗೆಯಾಗಿ ಕೂಡಿಕೊಳ್ಳುತ್ತವೆ. ‘ಊರು’ ಎಂಬುದರ ಮುಂದೆ ‘ಅಲ್ಲಿ’ ಬಂದರೆ ಊರಿನ ಕೊನೆಯ ಸ್ವರ ಬಿದ್ದುಹೋಗಿ ‘ಊರಲ್ಲಿ’ ಎಂದಾಗುತ್ತದೆ, ಇದು ಲೋಪ. ‘ಮಳೆ’ಯ ಮುಂದೆ ‘ಕಾಲ’ ಬಂದರೆ ಕಕಾರವು ತನ್ನ ರೂಪವನ್ನು ಬಿಟ್ಟು ಗಕಾರವಾಗುತ್ತದೆ, ಇದು ಆದೇಶ. ‘ಮನೆ’ಯ ಮುಂದೆ ‘ಅನ್ನು’ ಬಂದರೆ ಎರಡರಲ್ಲಿ ಯಾವುದೂ ಏನನ್ನೂ ಕಳೆದುಕೊಳ್ಳುವುದಿಲ್ಲ, ಎರಡರಲ್ಲಿಯೂ ಇಲ್ಲದ ಯಕಾರವೊಂದು ನಡುವೆ ಬಂದು ನಿಂತು ಎರಡನ್ನೂ ಬೆಸೆಯುತ್ತದೆ, ಇದು ಆಗಮ.

ರಾಜನೀತಿಯಲ್ಲಿಯೂ ಸಂಧಿ ಎಂಬ ಶಬ್ದ ಉಂಟು. ವಿಗ್ರಹ ಅದರ ಜೊತೆಯ ಶಬ್ದ. ನಮ್ಮ ಹಿಂದಿನವರು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಕಾದುವ ಬಲವಿಲ್ಲದವನು ಸಂಧಿಗೆ ಬಂದರೆ ಅದು ಶರಣಾಗತಿ. ಎದುರಾಳಿಗೆ ಬಲವಿಲ್ಲವೆಂದು ಬಗೆದವನ ಮುಂದೆ ಸಂಧಿಯ ಮಾತೆತ್ತಿದರೆ ಅದು ಅರಣ್ಯರೋದನ. ಶ್ರೀಕೃಷ್ಣನಂಥ ರಾಯಭಾರಿಯ ಸಂಧಾನವೂ ಹಸ್ತಿನಾವತಿಯಲ್ಲಿ ಮುರಿದುಬಿದ್ದುದು ಇದೇ ಕಾರಣದಿಂದ ಅಲ್ಲವೆ?

ಈ ವಾರ ನಾನು ಹೇಳಹೊರಟಿರುವುದು ಬಂಡವಾಳಕ್ಕೂ ದುಡಿಮೆಗೂ ಆಗುವ ಸಂಧಿಯ ವಿಚಾರ. ಅಲ್ಲಿಯೂ ಕೇಳಬೇಕಾದ ಪ್ರಶ್ನೆ ವ್ಯಾಕರಣದ ಪ್ರಶ್ನೆಯೇ: ಯಾರ ಅಕ್ಷರ ಬಿತ್ತು? ಯಾರದು ಬದಲಾಯಿತು? ಹೊಸದಾಗಿ ಬಂದುದೇನಾದರೂ ಉಂಟೆ?

ಸುಭಿಕ್ಷದ ಕಾಲದಲ್ಲಿ ಈ ಪ್ರಶ್ನೆ ಅಷ್ಟಾಗಿ ತಲೆಯೆತ್ತುವುದಿಲ್ಲ. ಗಿರಣಿ ಹಗಲಿರುಳೂ ನಡೆಯುತ್ತಿರುವಾಗ ಮಾಲೀಕನ ಲಾಭವೂ ಏರಬಹುದು, ಆಳಿನ ಕೂಲಿಯೂ ನಾಲ್ಕು ಕಾಸು ಏರಬಹುದು. ಮುಗ್ಗಟ್ಟಿನ ಕಾಲ ಬಂದಾಗ ಹಾಗಲ್ಲ. ಆಗ ಒಬ್ಬನ ತಟ್ಟೆಗೆ ಬೀಳುವ ತುತ್ತು ಇನ್ನೊಬ್ಬನ ತಟ್ಟೆಯಿಂದಲೇ ಬರಬೇಕು. ಸರಕು ಮಾರಾಟವಾಗದೆ ಉಗ್ರಾಣದಲ್ಲಿ ಕೊಳೆಯತೊಡಗಿದಾಗ ಮಾಲೀಕನು ಮೊದಲು ಕೈಯಿಡುವುದು ಕೂಲಿಯ ಮೇಲೆ. ಏಕೆಂದರೆ ಬ್ಯಾಂಕಿನ ಬಡ್ಡಿಯನ್ನಾಗಲಿ ಯಂತ್ರದ ಬೆಲೆಯನ್ನಾಗಲಿ ಇಳಿಸುವುದು ಅವನ ಕೈಯಲ್ಲಿಲ್ಲ. ಕಾರ್ಮಿಕನಿಗಾದರೋ ಆ ಕೂಲಿಯೇ ಮನೆಯ ಒಲೆ. ಇದರಲ್ಲಿ ಇನ್ನೊಂದು ವಿಪರ್ಯಾಸವೂ ಇದೆ. ಒಬ್ಬ ಮಾಲೀಕ ಕೂಲಿಯನ್ನು ಇಳಿಸಿದರೆ ಅವನಿಗೆ ಉಳಿತಾಯ. ಎಲ್ಲ ಮಾಲೀಕರೂ ಇಳಿಸಿದರೆ ಕೊಳ್ಳುವವರೇ ಇಲ್ಲದೆ ಎಲ್ಲರ ಸರಕೂ ಉಗ್ರಾಣದಲ್ಲಿಯೇ ಉಳಿಯುತ್ತದೆ. ಹೀಗೆ ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ನ್ಯಾಯವಾಗಿಯೇ ನಡೆದುಕೊಂಡು, ಇಬ್ಬರೂ ಒಂದೇ ಹಳ್ಳಕ್ಕೆ ಬೀಳುತ್ತಾರೆ.

ಈ ಹಳ್ಳದಿಂದ ಮೇಲಕ್ಕೆ ಬಂದ ದೇಶವೊಂದರ ಕಥೆಯನ್ನು ನೋಡೋಣ. ಅದು ಯೂರೋಪಿನ ಉತ್ತರದ ಸ್ವೀಡನ್. ಇಂದು ಅದರ ಹೆಸರನ್ನು ಕೇಳಿದೊಡನೆ ಶಾಂತಿ, ಸಮಾಧಾನ, ಸುವ್ಯವಸ್ಥೆಗಳು ನೆನಪಿಗೆ ಬರುತ್ತವೆ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಮುಷ್ಕರ ಮತ್ತು ಬೀಗಮುದ್ರೆಗಳಿಗೆ ಯೂರೋಪಿನಲ್ಲಿ ಹೆಸರಾಗಿದ್ದ ದೇಶಗಳಲ್ಲಿ ಅದೂ ಒಂದು.

ಅಲ್ಲಿ ಕಾರ್ಮಿಕ ಸಂಘಗಳ ಮಹಾಮಂಡಲ ೧೮೯೮ರಲ್ಲಿ ಹುಟ್ಟಿತು. ಮಾಲೀಕರ ಮಂಡಲ ೧೯೦೨ರಲ್ಲಿ. ೧೯೦೬ರ ಡಿಸೆಂಬರಿನಲ್ಲಿ ಇವೆರಡರ ನಡುವೆ ಮೊದಲನೆಯ ದೊಡ್ಡ ರಾಜಿಯಾಯಿತು. ಕಾರ್ಮಿಕರು ಸಂಘ ಕಟ್ಟಿಕೊಳ್ಳುವ ಹಕ್ಕನ್ನು ಮಾಲೀಕರು ಒಪ್ಪಿದರು. ಅದಕ್ಕೆ ಬದಲಾಗಿ, ಯಾರನ್ನು ಕೆಲಸಕ್ಕೆ ಸೇರಿಸಬೇಕು, ಯಾರನ್ನು ತೆಗೆಯಬೇಕು, ಕೆಲಸವನ್ನು ಹೇಗೆ ಹಂಚಬೇಕು ಎಂಬ ಅಧಿಕಾರವೆಲ್ಲ ಮಾಲೀಕರದೇ ಎಂದು ಕಾರ್ಮಿಕರು ಒಪ್ಪಿದರು. ಮಾಲೀಕರ ಮಂಡಲದ ನಿಬಂಧನೆಗಳಲ್ಲಿ ಇದು ೨೩ನೆಯ ವಿಧಿ. ಮುಂದೆ ೩೨ನೆಯದೆಂದು ಪ್ರಸಿದ್ಧವಾಯಿತು. ವಾಚಕರು ಈ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕಥೆಯ ಕೊನೆಯಲ್ಲಿ ಅದು ಮತ್ತೆ ಬರುತ್ತದೆ.

ಈ ಸಂಧಿ ಬಹುಕಾಲ ಶಾಂತಿಯನ್ನು ಕೊಡಲಿಲ್ಲ. ವ್ಯಾಪಾರ ಕುಸಿದು ಮಾಲೀಕರು ಕೂಲಿ ಇಳಿಸಲು ಹೊರಟಾಗ, ೧೯೦೯ರ ಆಗಸ್ಟಿನಲ್ಲಿ ಸುಮಾರು ಮೂರು ಲಕ್ಷ ಕಾರ್ಮಿಕರು ಸಾರ್ವತ್ರಿಕ ಮುಷ್ಕರ ಹೂಡಿದರು. ಅವರು ಸೋತರು. ಮುಂದಿನ ಎರಡು ವರ್ಷಗಳಲ್ಲಿ ಮಹಾಮಂಡಲದ ಸದಸ್ಯರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಬಲವಿಲ್ಲದೆ ಕಾದಿದರೆ ಆಗುವುದೇನೆಂಬ ಪಾಠವನ್ನು ಕಾರ್ಮಿಕರು ಅಂದು ಕಲಿತರು.

ಅನಂತರ ಬಂದುದು ೧೯೨೯ರ ಮಹಾ ಮುಗ್ಗಟ್ಟು. ಸ್ವೀಡನ್ ಬದುಕುತ್ತಿದ್ದುದು ಹೊರದೇಶಗಳಿಗೆ ಮರ, ಕಾಗದದ ತಿರುಳು ಮತ್ತು ಕಬ್ಬಿಣದ ಅದಿರನ್ನು ಮಾರಿ. ಕೊಳ್ಳುವವರು ಕೈಯೆತ್ತಿದೊಡನೆ ಮರದ ತಿರುಳಿನ ಗಿರಣಿಗಳಲ್ಲಿ ಕೂಲಿಯನ್ನು ಇಳಿಸಲಾಯಿತು, ಮುಷ್ಕರಗಳಾದುವು. ಓಡಾಲೆನ್ ಎಂಬ ನದೀಕಣಿವೆಯಲ್ಲಿ, ದೂರದ ಗಿರಣಿಯೊಂದರ ಮುಷ್ಕರಗಾರರಿಗೆ ಬೆಂಬಲವಾಗಿ ಅಲ್ಲಿನ ಕಾರ್ಮಿಕರೂ ಕೆಲಸ ನಿಲ್ಲಿಸಿದರು. ಹಡಗಿಗೆ ಸರಕು ತುಂಬಲು ಕಂಪೆನಿ ಹೊರಗಿನಿಂದ ಬದಲಿ ಆಳುಗಳನ್ನು ಕರೆತಂದಿತು. ಅವರ ರಕ್ಷಣೆಗೆ ಸೈನ್ಯ ಬಂದಿತು. ೧೯೩೧ರ ಮೇ ೧೪ರಂದು ಸಹಸ್ರಾರು ಜನ ಮೆರವಣಿಗೆಯಾಗಿ ಲುಂಡೆ ಎಂಬ ಊರಿಗೆ ಬಂದಾಗ ಗೋಲೀಬಾರಾಯಿತು. ಐವರು ಸತ್ತರು. ಅವರಲ್ಲೊಬ್ಬಳು ಮೆರವಣಿಗೆಗೆ ಸೇರಿದವಳೇ ಅಲ್ಲ. ನೋಡುತ್ತ ನಿಂತಿದ್ದ ಇಪ್ಪತ್ತು ವರ್ಷದ ಹುಡುಗಿ. ಗುಂಡು ಹಾರಿಸಿದ ಪಡೆಯ ನಾಯಕನು ಕೊನೆಗೆ ನಿರ್ದೋಷಿಯೆನಿಸಿಕೊಂಡನು. ಮೆರವಣಿಗೆಯ ಮುಂದಾಳಿಗೆ ಎರಡೂವರೆ ವರ್ಷಗಳ ಕಠಿಣ ಶಿಕ್ಷೆಯಾಯಿತು.

ಮರುವರ್ಷ, ೧೯೩೨ರ ಮಾರ್ಚ್ ೧೨ರಂದು, ಬೆಂಕಿಕಡ್ಡಿಯ ಚಕ್ರವರ್ತಿಯೆಂದು ಲೋಕಪ್ರಸಿದ್ಧನಾಗಿದ್ದ ಈವಾರ್ ಕ್ರೂಗರ್ ಪ್ಯಾರಿಸ್ಸಿನ ತನ್ನ ಮನೆಯಲ್ಲಿ ಗುಂಡೇಟಿನಿಂದ ಸತ್ತು ಬಿದ್ದಿದ್ದನು. ಅವನ ಸಾಮ್ರಾಜ್ಯದ ಲೆಕ್ಕಪತ್ರಗಳು ಸುಳ್ಳಿನ ಕಂತೆಯೆಂದು ಹೊರಬಿದ್ದಿತು. ಅದನ್ನು ನಂಬಿ ಹಣ ಹೂಡಿದ್ದ ಮಧ್ಯಮ ವರ್ಗದವರೂ ಬೀದಿಗೆ ಬಂದರು. ೧೯೩೩ರ ಹೊತ್ತಿಗೆ ಕಾರ್ಮಿಕ ಸಂಘಗಳ ಸದಸ್ಯರಲ್ಲಿ ನಾಲ್ವರಲ್ಲಿ ಸುಮಾರು ಒಬ್ಬನಿಗೆ ಕೆಲಸವಿರಲಿಲ್ಲ. ಆ ಕಾಲದಲ್ಲಿ ನಿರುದ್ಯೋಗಿಗಳಿಗೆ ಸರ್ಕಾರ ಕೊಡುತ್ತಿದ್ದ ಪರಿಹಾರ ಕಾಮಗಾರಿಯ ನಿಯಮವೂ ವಿಚಿತ್ರವಾದುದು: ಅಲ್ಲಿಯ ಕೂಲಿ ಪೇಟೆಯ ಅತಿ ಕಡಮೆಯ ಕೂಲಿಗಿಂತಲೂ ಕೆಳಗಿರಬೇಕು! ಹಸಿದವನ ಹಸಿವನ್ನೇ ಬಳಸಿಕೊಂಡು ದುಡಿಯುವವನ ಕೂಲಿಯನ್ನು ಕೆಳಗೆಳೆಯುವ ಉಪಾಯವೆಂದು ಕಾರ್ಮಿಕರು ಇದನ್ನು ಶಪಿಸುತ್ತಿದ್ದರು.

೧೯೩೨ರ ಸೆಪ್ಟೆಂಬರಿನ ಚುನಾವಣೆಯಲ್ಲಿ ಸಮಾಜವಾದಿ ಪ್ರಜಾಸತ್ತಾ ಪಕ್ಷ ಮುಂದೆ ಬಂದಿತು. ಪೇರ್ ಆಲ್ಬಿನ್ ಹಾನ್ಸನ್ ಪ್ರಧಾನಿಯಾದರು. ಅರ್ನ್ಸ್ಟ್ ವಿಗ್‌ಫೋರ್ಸ್ ಹಣಕಾಸಿನ ಮಂತ್ರಿ. ದುಡಿಯಲು ಜನ ಕಾದಿರುವಾಗ, ಆಗಬೇಕಾದ ಕೆಲಸ ಬೇಕಾದಷ್ಟಿರುವಾಗ, ಹಣವಿಲ್ಲವೆಂದು ಕೈಕಟ್ಟಿ ಕೂಡುವುದು ಅವಿವೇಕವೆಂಬುದು ವಿಗ್‌ಫೋರ್ಸರ ವಾದ. ಸರ್ಕಾರ ಸಾಲ ಮಾಡಿಯಾದರೂ ಕೆಲಸ ಕೊಡಬೇಕು. ಪೇಟೆಯ ಕೂಲಿಯನ್ನೇ ಕೊಡಬೇಕು. ಕೇನ್ಸ್ ಪಂಡಿತರ ಮಹಾಗ್ರಂಥ ಹೊರಬಿದ್ದುದು ೧೯೩೬ರಲ್ಲಿ ಎಂಬುದನ್ನು ನೆನೆದರೆ ಈ ವಾದದ ಧೈರ್ಯ ತಿಳಿಯುತ್ತದೆ. ಆದರೆ ೨೩೦ ಸದಸ್ಯರ ಕೆಳಮನೆಯಲ್ಲಿ ಅವರ ಪಕ್ಷಕ್ಕಿದ್ದ ಸ್ಥಾನಗಳು ೧೦೪. ಇನ್ನೊಬ್ಬರ ಕೈಹಿಡಿಯದೆ ಗತಿಯಿರಲಿಲ್ಲ.

ಆ ಇನ್ನೊಬ್ಬರು ರೈತರು. ಬೆಣ್ಣೆಯ ಬೆಲೆ ಬಿದ್ದು ರೈತರು ಸಾಲದಲ್ಲಿ ಮುಳುಗಿದ್ದರು. ಅವರಿಗೆ ಬೇಕಾದುದು ಹೆಚ್ಚಿನ ಬೆಲೆ. ಪಟ್ಟಣದ ಕಾರ್ಮಿಕನಿಗೆ ಬೇಕಾದುದು ಅಗ್ಗದ ಆಹಾರ. ಎಣ್ಣೆ ಸೀಗೆಕಾಯಿಗಳ ಸಂಬಂಧ! ಆದರೂ ೧೯೩೩ರ ಮೇ ತಿಂಗಳಲ್ಲಿ ರೈತರ ಪಕ್ಷಕ್ಕೂ ಕಾರ್ಮಿಕರ ಪಕ್ಷಕ್ಕೂ ಒಡಂಬಡಿಕೆಯಾಯಿತು. ರೈತರ ಬೆಣ್ಣೆಗೆ ಬೆಲೆ ನಿಲ್ಲಲೆಂದು, ಬಡವರು ಬಳಸುವ ಮಾರ್ಗರೀನ್ ಎಂಬ ಕೃತಕ ಬೆಣ್ಣೆಯ ಮೇಲೆ ತೆರಿಗೆ ಹಾಕಲು ಕಾರ್ಮಿಕ ಪಕ್ಷ ಒಪ್ಪಿತು. ನಿರುದ್ಯೋಗಿಗಳಿಗೆ ಪೇಟೆಯ ಕೂಲಿಯಲ್ಲಿ ಸರ್ಕಾರಿ ಕಾಮಗಾರಿ ಕೊಡಲು ರೈತ ಪಕ್ಷ ಒಪ್ಪಿತು. ಜನ ಇದನ್ನು ‘ಹಸುವಿನ ವ್ಯಾಪಾರ’ ಎಂದು ಹಾಸ್ಯ ಮಾಡಿದರು. ಜಾತ್ರೆಯಲ್ಲಿ ದಲ್ಲಾಳಿಗಳು ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಕಂಡಿರುವ ನಮ್ಮವರಿಗೆ ಈ ಹೆಸರಿನ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವ್ಯಾಪಾರವನ್ನು ಹಾಸ್ಯ ಮಾಡುವ ಮುನ್ನ ಅದೇ ತಿಂಗಳು ನೆರೆಯ ಜರ್ಮನಿಯಲ್ಲಿ ನಡೆದುದನ್ನು ನೋಡಬೇಕು. ಅಲ್ಲಿಯೂ ಮಾಲೀಕರೂ ಕಾರ್ಮಿಕ ಸಂಘಗಳೂ ೧೯೧೮ರ ನವೆಂಬರ್ ೧೫ರಂದು ರಾಜಿ ಮಾಡಿಕೊಂಡಿದ್ದರು. ಎಂಟು ಗಂಟೆಗಳ ದುಡಿಮೆಯನ್ನು ಮಾಲೀಕರು ಒಪ್ಪಿದ್ದರು. ಆದರೆ ಅದು ಕ್ರಾಂತಿಯ ಭಯದಿಂದ ಮಾಡಿದ ಸಹಿ. ಭಯ ಕಳೆದಂತೆ ಒಪ್ಪಂದವೂ ಸಡಿಲವಾಯಿತು. ೧೯೩೦ರ ಮಾರ್ಚಿಯಲ್ಲಿ, ನಿರುದ್ಯೋಗ ವಿಮೆಯ ಕಂತನ್ನು ಅಷ್ಟಿಷ್ಟು ಏರಿಸುವ ಹೊರೆ ಯಾರದೆಂಬ ಜಗಳದಲ್ಲಿ ಅಲ್ಲಿಯ ಸಮ್ಮಿಶ್ರ ಸರ್ಕಾರ ಉರುಳಿತು. ಅಷ್ಟು ಅಲ್ಪವಾದ ವಿಷಯದಲ್ಲಿ ಒಮ್ಮತಕ್ಕೆ ಬಾರದವರು ಮೂರು ವರ್ಷಗಳಲ್ಲಿ ಏನನ್ನು ಕಳೆದುಕೊಂಡರು! ೧೯೩೩ರ ಮೇ ೨ರಂದು ಹಿಟ್ಲರನ ಪಡೆಗಳು ಜರ್ಮನಿಯ ಕಾರ್ಮಿಕ ಸಂಘಗಳ ಕಚೇರಿಗಳನ್ನೆಲ್ಲ ವಶಪಡಿಸಿಕೊಂಡುವು. ಮುಂದಾಳುಗಳು ಸೆರೆಮನೆ ಸೇರಿದರು. ಒಂದೇ ಮುಗ್ಗಟ್ಟು, ಒಂದೇ ತಿಂಗಳು. ಒಂದೆಡೆ ಹಸುವಿನ ವ್ಯಾಪಾರ, ಇನ್ನೊಂದೆಡೆ ಬೂಟಿನ ಆಳ್ವಿಕೆ.

ಆದರೂ ಹಸುವಿನ ವ್ಯಾಪಾರದ ಬೆಲೆಯನ್ನು ಯಾರೋ ತೆತ್ತರು ಎಂಬುದನ್ನು ಮುಚ್ಚಿಡಲಾಗದು. ೧೯೩೩ರ ಏಪ್ರಿಲಿನಲ್ಲಿ ಮನೆ ಕಟ್ಟುವ ಕಾರ್ಮಿಕರು ಕೂಲಿಯ ಇಳಿತವನ್ನು ವಿರೋಧಿಸಿ ಮುಷ್ಕರ ಹೂಡಿದ್ದರು. ಅದು ಸುಮಾರು ಹತ್ತು ತಿಂಗಳು ನಡೆಯಿತು. ಕಟ್ಟಡದ ಕೆಲಸಗಾರರಿಗೆ ಇತರರಿಗಿಂತ ಹೆಚ್ಚಿನ ಕೂಲಿ ಸಿಕ್ಕುತ್ತಿತ್ತು. ಅದೇ ದರದಲ್ಲಿ ಸರ್ಕಾರಿ ಕಾಮಗಾರಿ ನಡೆಸುವುದಕ್ಕೆ ರೈತರ ಪಕ್ಷ ಒಪ್ಪುವಂತಿರಲಿಲ್ಲ. ಕೊನೆಗೆ, ೧೯೩೪ರ ಫೆಬ್ರವರಿಯಲ್ಲಿ, ಮಹಾಮಂಡಲವೇ ಮುಂದೆ ನಿಂತು ಆ ಕಾರ್ಮಿಕರು ಇಳಿದ ಕೂಲಿಗೆ ಒಪ್ಪುವಂತೆ ಮಾಡಿತು. ತಮ್ಮವರೇ ತಮ್ಮ ಕೈಯನ್ನು ಹಿಡಿದುಕೊಂಡರೆಂದು ಅವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ವರ್ಗದ ಹಿತ ಎಂಬ ಒಂದೇ ಮಾತಿನೊಳಗೆ ಕೆಲಸವಿರುವವನ ಹಿತ, ಕೆಲಸವಿಲ್ಲದವನ ಹಿತ ಎಂಬ ಎರಡು ಮಾತುಗಳು ಅಡಗಿರುತ್ತವೆ. ಮುಗ್ಗಟ್ಟಿನ ಕಾಲದಲ್ಲಿ ಅವು ಬೇರೆಬೇರೆಯಾಗಿ ಕಾಣಿಸಿಕೊಳ್ಳುತ್ತವೆ.

ಸ್ವೀಡನ್ನಿನ ಚೇತರಿಕೆಗೆ ಈ ರಾಜಿಯೊಂದೇ ಕಾರಣವೆಂದರೆ ಉತ್ಪ್ರೇಕ್ಷೆಯಾದೀತು. ೧೯೩೧ರ ಸೆಪ್ಟೆಂಬರಿನಲ್ಲಿ ಆ ದೇಶ ತನ್ನ ನಾಣ್ಯವಾದ ಕ್ರೋನಕ್ಕೂ ಚಿನ್ನಕ್ಕೂ ಇದ್ದ ಕೊಂಡಿಯನ್ನು ಕಳಚಿತ್ತು. ನಾಣ್ಯದ ಬೆಲೆ ಇಳಿದು ಅದರ ಸರಕು ಹೊರದೇಶಗಳಲ್ಲಿ ಅಗ್ಗವಾಯಿತು. ಚೇತರಿಕೆಯ ಮುಖ್ಯ ಕಾರಣ ಅದೇ ಎಂದು ಹೇಳುವ ಅರ್ಥಶಾಸ್ತ್ರಜ್ಞರು ಅನೇಕರಿದ್ದಾರೆ. ಆದರೆ ಚೇತರಿಕೆಯ ಫಲ ಬಂದಾಗ ಅದನ್ನು ಕಾದಾಡಿ ಹಾಳುಮಾಡಿಕೊಳ್ಳದಂತೆ ತಡೆದುದು ರಾಜಿಯ ಅಭ್ಯಾಸವೇ.

ಆ ಅಭ್ಯಾಸ ಗಟ್ಟಿಯಾದುದು ೧೯೩೮ರಲ್ಲಿ. ಸ್ಟಾಕ್‌ಹೋಮಿನ ಸಮೀಪದ ಕಡಲತೀರದಲ್ಲಿ ಸಾಲ್ಟ್‌ಶೋಬಾಡೆನ್ ಎಂಬ ವಿಹಾರಸ್ಥಳವಿದೆ. ಅಲ್ಲಿಯ ಗ್ರ್ಯಾಂಡ್ ಹೋಟೆಲಿನಲ್ಲಿ ಆ ವರ್ಷದ ಡಿಸೆಂಬರ್ ೨೦ರಂದು, ಎರಡು ವರ್ಷಗಳ ಮಾತುಕತೆಯ ಅನಂತರ, ಕಾರ್ಮಿಕ ಮಹಾಮಂಡಲದ ಅಧ್ಯಕ್ಷರಾದ ಆಗಸ್ಟ್ ಲಿಂಡ್‌ಬರ್ಗರೂ ಮಾಲೀಕರ ಮಂಡಲದ ಅಧ್ಯಕ್ಷರಾದ ಸಿಗ್‌ಫ್ರಿಡ್ ಎಡ್‌ಸ್ಟ್ರೋಮರೂ ‘ಮೂಲ ಒಪ್ಪಂದ’ಕ್ಕೆ ಸಹಿ ಹಾಕಿದರು. ಈ ಎಡ್‌ಸ್ಟ್ರೋಮರೇ ಮುಂದೆ ೧೯೪೬ರಿಂದ ೧೯೫೨ರವರೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದವರು.

ಒಪ್ಪಂದದಲ್ಲಿ ಇದ್ದುದೇನು? ಮಾತುಕತೆ ನಡೆಸದೆ ಮುಷ್ಕರವನ್ನಾಗಲಿ ಬೀಗಮುದ್ರೆಯನ್ನಾಗಲಿ ಹೂಡಬಾರದು. ಕೆಲಸದಿಂದ ತೆಗೆಯುವ ಮುನ್ನ ತಿಳುವಳಿಕೆ ಕೊಡಬೇಕು. ಜಗಳಕ್ಕೆ ಸಂಬಂಧವಿಲ್ಲದ ಮೂರನೆಯವನಿಗೆ ಪೆಟ್ಟು ಬೀಳಬಾರದು. ಇಡೀ ಸಮಾಜಕ್ಕೆ ಅಪಾಯ ತರುವ ವ್ಯಾಜ್ಯಗಳನ್ನು ಎರಡೂ ಪಕ್ಷಗಳವರಿರುವ ಮಂಡಳಿ ನೋಡಿಕೊಳ್ಳಬೇಕು. ಇಬ್ಬರನ್ನೂ ಈ ಮೇಜಿಗೆ ತಂದುದು ಪರಸ್ಪರ ಪ್ರೀತಿಯಲ್ಲ. ತಾವಾಗಿ ಒಪ್ಪಿಕೊಳ್ಳದಿದ್ದರೆ ಸರ್ಕಾರ ಕಾನೂನು ಮಾಡಿ ಇಬ್ಬರ ಕೈಯನ್ನೂ ಕಟ್ಟೀತೆಂಬ ಅಂಜಿಕೆ ಇಬ್ಬರಿಗೂ ಇತ್ತು. ಕಾರ್ಮಿಕ ಪಕ್ಷ ಸರ್ಕಾರದಿಂದ ಬೇಗ ಇಳಿಯುವುದಿಲ್ಲವೆಂದು ಮಾಲೀಕರಿಗೆ ಮನವರಿಕೆಯಾಗಿತ್ತು. ಗಿರಣಿಗಳು ಮಾಲೀಕರ ಕೈಯಿಂದ ಬೇಗ ಜಾರುವುದಿಲ್ಲವೆಂದು ಕಾರ್ಮಿಕರಿಗೂ ಮನವರಿಕೆಯಾಗಿತ್ತು. ಒಬ್ಬರನ್ನೊಬ್ಬರು ನೆಲಕ್ಕೆ ಕೆಡವಲಾರೆವೆಂದು ಅರಿತ ಜಟ್ಟಿಗಳಿಬ್ಬರು ಕೈಕುಲುಕಿದಂತೆ ಆಯಿತು. ಮುಂದಿನ ಮೂರು ದಶಕಗಳಲ್ಲಿ ಮುಷ್ಕರಗಳು ಅತ್ಯಲ್ಪವಾದುವು. ಕೂಲಿ ಏರಿತು, ಲಾಭವೂ ಏರಿತು. ವೃದ್ಧರಿಗೂ ಮಕ್ಕಳಿಗೂ ರೋಗಿಗಳಿಗೂ ಆಸರೆ ದೊರೆಯಿತು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಎರಡು ಪದಗಳಲ್ಲಿಯೂ ಇರದಿದ್ದ ಅಕ್ಷರವೊಂದು ನಡುವೆ ಬಂದಿತ್ತು.

ಆದರೆ ಲೋಪವೂ ಇತ್ತು. ಅದೇ ಆ ಹಳೆಯ ವಿಧಿ. ಗಿರಣಿಯೊಳಗೆ ಆಜ್ಞೆ ಯಾರದು ಎಂಬ ಪ್ರಶ್ನೆಯನ್ನು ಸಾಲ್ಟ್‌ಶೋಬಾಡೆನ್ನಿನಲ್ಲಿ ಯಾರೂ ಮುಟ್ಟಲಿಲ್ಲ. ಕೂಲಿಯನ್ನು ಕುರಿತು ಮಾತನಾಡಬಹುದು. ಕೆಲಸವನ್ನು ಕುರಿತು ಮಾತನಾಡುವಂತಿಲ್ಲ. ಆಡದೆ ಉಳಿದ ಮಾತು ಮೂವತ್ತು ವರ್ಷಗಳ ಅನಂತರ ಭೂಮಿಯೊಳಗಿನಿಂದ ಎದ್ದುಬಂದಿತು. ೧೯೬೯ರ ಡಿಸೆಂಬರ್ ೯ರಂದು, ದೇಶದ ತುತ್ತತುದಿಯಲ್ಲಿರುವ ಕಿರುನಾ ಪ್ರದೇಶದ ಕಬ್ಬಿಣದ ಗಣಿಗಳಲ್ಲಿ ಮುಷ್ಕರ ಆರಂಭವಾಗಿ, ಸುಮಾರು ಐದು ಸಾವಿರ ಗಣಿಗಾರರಿಗೆ ಹಬ್ಬಿತು. ೫೭ ದಿನ ನಡೆಯಿತು. ಗಣಿ ಸರ್ಕಾರದ್ದು; ಸರ್ಕಾರ ಕಾರ್ಮಿಕ ಪಕ್ಷದ್ದು; ಮುಷ್ಕರ ತಮ್ಮ ಸಂಘದ ಅಪ್ಪಣೆಯಿಲ್ಲದೆ ಹೂಡಿದ್ದು. ಕೂಲಿಯಷ್ಟೇ ಅವರ ದೂರಲ್ಲ. ಗಡಿಯಾರ ಹಿಡಿದು ಪ್ರತಿಯೊಂದು ಚಲನೆಯನ್ನೂ ಅಳೆಯುವ ಪದ್ಧತಿ, ಮೇಲಿನಿಂದ ಬರುವ ಅಪ್ಪಣೆಯ ದರ್ಪ, ಇವು ಅವರನ್ನು ರೇಗಿಸಿದ್ದುವು. ಹೊಟ್ಟೆ ತುಂಬಿದ ಮೇಲೆ ಮನುಷ್ಯ ಮರ್ಯಾದೆಯನ್ನು ಕೇಳುತ್ತಾನೆ. ಅದು ತಪ್ಪೆಂದು ಯಾರು ಹೇಳಬಲ್ಲರು?

ಇದಾದ ಮೇಲೆ, ನ್ಯಾಯವಾದ ಕಾರಣವಿಲ್ಲದೆ ಯಾರನ್ನೂ ಕೆಲಸದಿಂದ ತೆಗೆಯಬಾರದೆಂಬ ಕಾನೂನು ೧೯೭೪ರಲ್ಲಿ ಬಂದಿತು. ೧೯೭೬ರಲ್ಲಿ ಕೆಲಸದ ನಿರ್ಧಾರಗಳಲ್ಲಿ ಕಾರ್ಮಿಕರ ಸಂಘಕ್ಕೂ ಮಾತಿರಬೇಕೆಂಬ ಕಾನೂನಾಯಿತು. ಅದೇ ವರ್ಷ ಮಹಾಮಂಡಲ ೧೯೩೮ರ ಒಪ್ಪಂದದಿಂದ ಹೊರಬಂದಿತು. ರುಡಾಲ್ಫ್ ಮೈಡ್ನರ್ ಎಂಬ ಅರ್ಥಶಾಸ್ತ್ರಜ್ಞರು ಇನ್ನೂ ಮುಂದೆ ಹೋಗಿ, ದೊಡ್ಡ ಕಂಪೆನಿಗಳ ಲಾಭದ ಒಂದು ಭಾಗ ವರ್ಷವರ್ಷವೂ ಷೇರುಗಳ ರೂಪದಲ್ಲಿ ಕಾರ್ಮಿಕರ ನಿಧಿಗಳಿಗೆ ಸೇರಬೇಕೆಂದು ಸೂಚಿಸಿದರು. ಆಗ ಬೀದಿಗಿಳಿಯುವ ಸರದಿ ಮಾಲೀಕರದಾಯಿತು! ೧೯೮೩ರ ಅಕ್ಟೋಬರ್ ೪ರಂದು ಸ್ಟಾಕ್‌ಹೋಮಿನಲ್ಲಿ ಉದ್ಯಮಿಗಳೂ ಅವರ ಬೆಂಬಲಿಗರೂ ಹತ್ತಾರು ಸಾವಿರ ಸಂಖ್ಯೆಯಲ್ಲಿ ಮೆರವಣಿಗೆ ನಡೆಸಿದರು. ಆ ವರ್ಷದ ಕೊನೆಯಲ್ಲಿ ನಿಧಿಗಳು ಸಣ್ಣ ರೂಪದಲ್ಲಿ ಕಾನೂನಾದರೂ, ೧೯೯೧ರಲ್ಲಿ ಬಂದ ಬೇರೆ ಪಕ್ಷಗಳ ಸರ್ಕಾರ ಅವನ್ನು ಮುಚ್ಚಿಹಾಕಿತು. ಕೂಲಿಯ ಮಾತನ್ನು ಸಹಿಸಿದ ಬಂಡವಾಳ ಒಡೆತನದ ಮಾತನ್ನು ಸಹಿಸಲಿಲ್ಲ. ಸಂಧಿಯ ಗಡಿ ಎಲ್ಲಿದೆಯೆಂಬುದು ಅಂದು ಸ್ಪಷ್ಟವಾಯಿತು.

ಹೀಗಾದರೂ ಅಭ್ಯಾಸ ಸಂಪೂರ್ಣವಾಗಿ ಅಳಿಯಲಿಲ್ಲ. ೨೦೦೮ರಲ್ಲಿ ಜಗತ್ತಿನ ಬ್ಯಾಂಕುಗಳು ಕುಸಿದು ಕಾರಿನ ಕಾರ್ಖಾನೆಗಳಿಗೆ ಬೇಡಿಕೆಯಿಲ್ಲದೆ ಹೋದಾಗ, ೨೦೦೯ರ ಮಾರ್ಚಿಯಲ್ಲಿ ಲೋಹದ ಕೆಲಸಗಾರರ ಸಂಘವೂ ಯಂತ್ರೋದ್ಯಮದ ಮಾಲೀಕರೂ ಒಂದು ಒಪ್ಪಂದಕ್ಕೆ ಬಂದರು: ಕೆಲಸದ ಹೊತ್ತನ್ನು ತಾತ್ಕಾಲಿಕವಾಗಿ ಕಡಮೆ ಮಾಡಬಹುದು, ಸಂಬಳವನ್ನೂ ಇಳಿಸಬಹುದು, ಆದರೆ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚಾಗಿ ಅಲ್ಲ, ಅದೂ ಆಯಾ ಕಾರ್ಖಾನೆಯ ಸಂಘ ಒಪ್ಪಿದರೆ ಮಾತ್ರ. ಕೆಲವರ ಕೆಲಸ ಪೂರ್ತಿ ಹೋಗುವುದಕ್ಕಿಂತ ಎಲ್ಲರ ಕೆಲಸ ಸ್ವಲ್ಪ ಸ್ವಲ್ಪ ಹೋಗಲಿ ಎಂಬುದು ಅದರ ತಿರುಳು. ಮುಗ್ಗಟ್ಟನ್ನು ತಂದವರು ಬ್ಯಾಂಕಿನವರು, ಸಂಬಳ ಬಿಡಬೇಕಾದವರು ನಾವೇ ಎಂದು ಇತರ ಸಂಘದವರು ಟೀಕಿಸಿದರು. ಎರಡು ಮಾತುಗಳಲ್ಲಿಯೂ ಸತ್ಯವಿದೆ. ರಾಜಿಯೆಂಬುದು ಯಾವಾಗಲೂ ಇಂಥ ಎರಡು ಸತ್ಯಗಳ ನಡುವೆಯೇ ಕುಳಿತಿರುತ್ತದೆ.

ಈ ಕಥೆಯಿಂದ ತಿಳಿಯತಕ್ಕದ್ದೇನು? ವರ್ಗಕಲಹವನ್ನು ಶಪಿಸಿ ಸೌಹಾರ್ದವನ್ನು ಬೋಧಿಸುವವರು ಒಂದು ಮಾತನ್ನು ಮರೆಯುತ್ತಾರೆ: ೧೯೩೮ರ ಕೈಕುಲುಕಿನ ಹಿಂದೆ ೧೯೦೯ರ ಸೋಲೂ ೧೯೩೧ರ ನೆತ್ತರೂ ಇದ್ದುವು. ಕಾದಬಲ್ಲವರಾದುದರಿಂದಲೇ ಅವರು ಕೂಡಬಲ್ಲವರಾದರು. ರಾಜಿಯನ್ನೆಲ್ಲ ದ್ರೋಹವೆನ್ನುವವರು ಇನ್ನೊಂದನ್ನು ಮರೆಯುತ್ತಾರೆ: ೧೯೩೩ರ ಮೇ ತಿಂಗಳಲ್ಲಿ ಕಾರ್ಮಿಕನಿಗಿದ್ದ ದಾರಿಗಳಲ್ಲಿ ಇನ್ನೊಂದು ಯಾವ ಕಡೆಗೆ ಹೋಗುತ್ತಿತ್ತೆಂಬುದನ್ನು ಜರ್ಮನಿ ತೋರಿಸಿಕೊಟ್ಟಿತು.

ಸಂಧಿಯಾಯಿತೆಂದು ಎಲ್ಲಿಯಾದರೂ ಕೇಳಿದಾಗ ನಾವು ಸಂತೋಷಪಡೋಣ. ಆದರೆ ಸಂತೋಷಪಟ್ಟು ಸುಮ್ಮನಾಗದೆ, ಬಿದ್ದ ಅಕ್ಷರ ಯಾವುದೆಂದು ಬಿಡಿಸಿ ನೋಡೋಣ. ‘ಊರಲ್ಲಿ’ ಎಂಬುದನ್ನು ಬಿಡಿಸಿದಾಗ ಲೋಪವಾದ ಸ್ವರ ಮತ್ತೆ ಕಾಣಿಸಿಕೊಳ್ಳುತ್ತದೆ. ಸಮಾಜದ ಸಂಧಿಯಲ್ಲಿ ಲೋಪವಾದುದೂ ಒಂದು ದಿನ ಹಾಗೆಯೇ ಕಾಣಿಸಿಕೊಳ್ಳುತ್ತದೆ. ನಾವಾಗಿ ಬಿಡಿಸಿ ನೋಡದಿದ್ದರೆ, ಕಿರುನಾದ ಗಣಿಯಿಂದ ಬಂದಂತೆ ತಾನಾಗಿಯೇ ಮೇಲಕ್ಕೆ ಬರುತ್ತದೆ.